ಮೋಟಾರ್ ಕೊನೆಯ ಆರೋಪಿ: ಹಳೆಯ ಕಾರಿನ ಪವರ್ ವಿಂಡೋ ದೋಷ ಹುಡುಕುವ ಬಗೆ

ಗಾಜು ಏರದ ಕಾರನ್ನು ನಮ್ಮ ಕಾಸರಗೋಡಿನಲ್ಲಿ ಮೂವರಿಗೆ ತೋರಿಸಿ ನೋಡಿ. ಮಲಯಾಳದವರು ‘ಮೋಟಾರ್ ಪೋಯಿ’ ಎನ್ನುತ್ತಾರೆ, ತುಳುವಿನವರು ‘ಮೋಟಾರ್ ಪೋಂಡು’ ಎನ್ನುತ್ತಾರೆ, ಕನ್ನಡದವರು ‘ಮೋಟಾರ್ ಹೋಯಿತು’ ಎನ್ನುತ್ತಾರೆ. ಭಾಷೆ ಮೂರು, ತೀರ್ಪು ಒಂದೇ. ಅನೇಕ ಸಲ ಅದು ತಪ್ಪು ತೀರ್ಪು.

ನಾನೂ ಒಮ್ಮೆ ಆ ತೀರ್ಪಿಗೆ ದುಡ್ಡು ತೆತ್ತವನು. ಆಟಿ ತಿಂಗಳ ಮಳೆಯಲ್ಲಿ ನನ್ನ ಹಳೆಯ ಸಣ್ಣ ಕಾರಿನ ಬಲ ಮುಂಬದಿಯ ಗಾಜು ಅರ್ಧದಲ್ಲಿ ನಿಂತಿತು. ಒಂದು ವರ್ಕ್‌ಶಾಪಿನಲ್ಲಿ ಹೊಸ ಮೋಟಾರ್ ಹಾಕಿಸಿಕೊಂಡು ಬಂದೆ. ಎರಡು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಬಿಚ್ಚಿ ಕೊಟ್ಟಿದ್ದ ಹಳೆಯ ಮೋಟಾರನ್ನು ಮನೆಯಲ್ಲಿ ಬ್ಯಾಟರಿಗೆ ಹಿಡಿದರೆ ಝರ್ ಎಂದು ತಿರುಗಿತು. ನಿಜವಾದ ಕಳ್ಳ ಬಾಗಿಲಿನ ಕೀಲಿನ ಬಳಿ, ರಬ್ಬರ್ ಕೊಳವೆಯೊಳಗೆ, ಮುರಿದ ಒಂದು ವಯರ್ ಆಗಿತ್ತು. ಆ ಹಳೆಯ ಮೋಟಾರ್ ಈಗಲೂ ನಮ್ಮ ಅಟ್ಟದ ಮೇಲಿದೆ.

ನಮ್ಮ ಜಿಲ್ಲೆಯ ಹವೆಯೂ ಈ ಯಂತ್ರಕ್ಕೆ ಒಳ್ಳೆಯದಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಮಂಜೇಶ್ವರದಿಂದ ಕುಂಬಳೆಯವರೆಗೆ ಕಡಲಿನ ಉಪ್ಪುಗಾಳಿ, ಬದಿಯಡ್ಕ, ಪೆರ್ಲದ ಕಡೆ ಹೋದರೆ ಮುರಕಲ್ಲಿನ ಕೆಂಪು ಧೂಳು. ಧೂಳು ಗಾಜಿನ ದಾರಿಯನ್ನು ಕಟ್ಟುತ್ತದೆ, ಉಪ್ಪು ಸ್ವಿಚ್ಚನ್ನು ತಿನ್ನುತ್ತದೆ, ನೀರು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮೋಟಾರ್ ಇವೆಲ್ಲಕ್ಕಿಂತ ಗಟ್ಟಿ.

ಒಳಗಿನ ಏರ್ಪಾಡು ದೊಡ್ಡದೇನಲ್ಲ. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸಣ್ಣ ಸ್ವಿಚ್ಚು), ಅಲ್ಲಿಂದ ಸ್ವಿಚ್, ಕೀಲಿನ ಬಳಿಯ ಕೊಳವೆಯನ್ನು ದಾಟಿ ಬಾಗಿಲೊಳಗಿನ ಮೋಟಾರ್. ಮೋಟಾರ್ ತಿರುಗಿಸುವುದು ರೆಗ್ಯುಲೇಟರನ್ನು, ಅಂದರೆ ಗಾಜನ್ನು ಎತ್ತಿ ಇಳಿಸುವ ಭಾಗವನ್ನು. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ವಿಂಡೋ ಮೆಷಿನ್’. ಕೆಲವು ಕಾರುಗಳಲ್ಲಿ ಅದು ಕತ್ತರಿಯಂತೆ ಬಿಚ್ಚಿ ಮುಚ್ಚುವ ಕಬ್ಬಿಣದ ತೋಳು, ಕೆಲವುಗಳಲ್ಲಿ ರಾಟೆಯ ಮೇಲೆ ಓಡುವ ಉಕ್ಕಿನ ಕೇಬಲ್. ಒಂದೇ ಮೋಟಾರ್ ಗಾಜನ್ನು ಏರಿಸುವುದೂ ಇಳಿಸುವುದೂ ಹೇಗೆಂದರೆ, ಸ್ವಿಚ್ಚು ಅದರ ಎರಡು ವಯರ್‌ಗಳ ಪ್ಲಸ್ ಮತ್ತು ಮೈನಸ್ಸನ್ನು ಅದಲುಬದಲು ಮಾಡುತ್ತದೆ. ಈ ಒಂದು ಮಾತು ನೆನಪಿದ್ದರೆ ಅರ್ಧ ದೋಷ ಕುಳಿತಲ್ಲೇ ಸಿಗುತ್ತದೆ.

ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು: ದೀಪ ಮತ್ತು ಕಿವಿ

ಕತ್ತಲಾದ ಮೇಲೆ ಕಾರಿನಲ್ಲಿ ಕುಳಿತುಕೊಳ್ಳಿ. ಎಂಜಿನ್ ಬೇಡ, ಇಗ್ನಿಷನ್ ಮಾತ್ರ ಆನ್ ಮಾಡಿ. ಚಾವಣಿಯ ದೀಪ ಹಚ್ಚಿ. ಈಗ ಕೆಟ್ಟಿರುವ ಗಾಜಿನ ಸ್ವಿಚ್ಚನ್ನು ಒತ್ತಿ, ದೀಪವನ್ನೇ ನೋಡುತ್ತಿರಿ, ಕಿವಿ ಬಾಗಿಲಿನ ಮೇಲಿರಲಿ.

ದೀಪ ಸ್ವಲ್ಪ ಮಂಕಾಯಿತು, ಗಾಜು ಅಲುಗಲಿಲ್ಲ ಎಂದಾದರೆ ಮೋಟಾರಿಗೆ ವಿದ್ಯುತ್ ಹೋಗುತ್ತಿದೆ, ಅದು ತಿಣುಕುತ್ತಿದೆ. ಗಾಜೋ ಮೆಷಿನ್ನೋ ಮೋಟಾರೋ ಸಿಕ್ಕಿಹಾಕಿಕೊಂಡಿದೆ. ದೀಪ ಮಂಕಾಗಲೇ ಇಲ್ಲ, ಸದ್ದೂ ಇಲ್ಲ ಎಂದಾದರೆ ವಿದ್ಯುತ್ತೇ ತಲುಪುತ್ತಿಲ್ಲ: ಫ್ಯೂಸ್, ಸ್ವಿಚ್, ವಯರ್ ನೋಡಬೇಕು; ಸವೆದ ಕಾರ್ಬನ್ (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡು) ಇರುವ ಮೋಟಾರ್ ಕೂಡ ಹೀಗೆಯೇ ಮೌನವಾಗಿರುತ್ತದೆ, ಆದರೆ ಅದರ ಸರದಿ ಕೊನೆಗೆ. ಮೋಟಾರ್ ಸರಾಗವಾಗಿ ತಿರುಗುವ ಸದ್ದಿದೆ, ಗಾಜು ಮಾತ್ರ ನಿಂತಲ್ಲೇ ಇದೆ ಎಂದಾದರೆ ವಿದ್ಯುತ್ತಿನ ಲೆಕ್ಕ ಸರಿಯಾಗಿದೆ, ಒಳಗೆ ಏನೋ ಮುರಿದಿದೆ.

ಖರ್ಚಿಲ್ಲದ ಈ ಪರೀಕ್ಷೆಯನ್ನು ಎಷ್ಟೋ ಮಂದಿ ಮಾಡುವುದೇ ಇಲ್ಲ.

ನಾಲ್ಕೂ ಗಾಜುಗಳು ಅಲುಗುತ್ತಿಲ್ಲ

ನಾಲ್ಕು ಮೋಟಾರುಗಳು ಒಂದೇ ದಿನ ಕೆಡುವುದಿಲ್ಲ. ನಾಲ್ಕಕ್ಕೂ ಸಮಾನವಾದದ್ದನ್ನು ಹುಡುಕಿ. ಚಾಲಕನ ಗಾಜು ಮಾತ್ರ ಕೆಲಸ ಮಾಡಿ ಉಳಿದ ಮೂರು ಸತ್ತಿದ್ದರೆ ಮೊದಲು ಚಾಲಕನ ಬಾಗಿಲಿನಲ್ಲಿರುವ ಲಾಕ್ ಗುಂಡಿಯನ್ನು ನೋಡಿ. ಮಕ್ಕಳು ಒತ್ತಿದ ಆ ಗುಂಡಿಗಾಗಿ ಕಾರನ್ನು ಇಪ್ಪತ್ತು ಕಿಲೋಮೀಟರ್ ದೂರದ ಎಲೆಕ್ಟ್ರಿಷಿಯನ್ ಬಳಿಗೆ ಒಯ್ದವರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ, ಅವರು ನಮ್ಮ ಭಾವ.

ಎಲ್ಲವೂ ಸತ್ತಿದ್ದರೆ ಫ್ಯೂಸ್. ಡ್ಯಾಶ್‌ಬೋರ್ಡಿನ ಅಡಿಯಲ್ಲೋ ಬಾನೆಟ್ಟಿನ ಒಳಗೋ ಪೆಟ್ಟಿಗೆ ಇರುತ್ತದೆ, ಮುಚ್ಚಳದ ಹಿಂದೆ ಯಾವುದು ಯಾವುದಕ್ಕೆ ಎಂಬ ಚಿತ್ರವಿರುತ್ತದೆ. ಪವರ್ ವಿಂಡೋಗೆ ಸಾಮಾನ್ಯವಾಗಿ 20ರಿಂದ 30 ಆಂಪಿಯರ್ ಫ್ಯೂಸ್ ಇರುತ್ತದೆ. ಹಳದಿ ಬಣ್ಣದ್ದು 20, ಹಸಿರು ಬಣ್ಣದ್ದು 30. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ‘ಮತ್ತೆ ಸುಡದಿರಲಿ’ ಎಂದು 20ರ ಜಾಗಕ್ಕೆ 30 ಹಾಕುವುದು, ತಾಮ್ರದ ತಂತಿ ಸುತ್ತುವುದು ಬೇಡವೇ ಬೇಡ: ಆಗ ಫ್ಯೂಸಿನ ಬದಲು ವಯರ್ ಸುಡುತ್ತದೆ, ಅದೂ ಡ್ಯಾಶ್‌ಬೋರ್ಡಿನ ಹಿಂದೆ.

ಹೊಸ ಫ್ಯೂಸ್ ಹಾಕಿದ ಕೂಡಲೇ ಹಾರಿದರೆ ಎಲ್ಲೋ ವಯರ್ ಕಾರಿನ ಬಾಡಿಯ ತಗಡಿಗೆ ತಾಗುತ್ತಿದೆ. ಎರಡನೆಯ ಫ್ಯೂಸನ್ನೂ ಬಲಿ ಕೊಡಬೇಡಿ, ಕೆಳಗೆ ‘ಬಾಗಿಲು ತೆರೆದಾಗ ಓಡುತ್ತದೆ’ ಎಂಬಲ್ಲಿ ಹೇಳಿದ ಕೀಲಿನ ಕೊಳವೆಯನ್ನು ನೋಡಿ. ಅಲ್ಲೂ ಕಾಣದಿದ್ದರೆ ಆಟೊ ಎಲೆಕ್ಟ್ರಿಷಿಯನ್ ಬೇಕು. ಸುಟ್ಟ ವಾಸನೆ ಬಂದರೆ ಹುಡುಕಾಟವನ್ನೂ ಅಲ್ಲಿಗೇ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ.

ಫ್ಯೂಸ್ ಸರಿಯಿದ್ದರೆ ರಿಲೇ. ಇಗ್ನಿಷನ್ ತಿರುಗಿಸಿದಾಗ ಅದರಿಂದ ಸಣ್ಣ ‘ಟಿಕ್’ ಬರಬೇಕು. ಪಕ್ಕದಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ.

ಒಂದೇ ಗಾಜು ಮೌನ. ಅಥವಾ ಇಳಿಯುತ್ತದೆ, ಏರುವುದಿಲ್ಲ

ನಮ್ಮ ಕಡೆಯ ಕಾರುಗಳಲ್ಲಿ ಇದೇ ಹೆಚ್ಚು. ಗಾಜು ಒಂದು ದಿಕ್ಕಿಗೆ ಚೆನ್ನಾಗಿ ಓಡಿ ಇನ್ನೊಂದು ದಿಕ್ಕಿಗೆ ಸದ್ದೇ ಮಾಡದಿದ್ದರೆ ಮೋಟಾರ್ ನಿರಪರಾಧಿ. ಆ ಮೋಟಾರಿಗೆ ದಿಕ್ಕು ಗೊತ್ತಿಲ್ಲ, ದಿಕ್ಕು ಗೊತ್ತಿರುವುದು ಸ್ವಿಚ್ಚಿಗೆ. ಇಳಿಸುವ ಬದಿಯ ತಾಮ್ರ ಚೆನ್ನಾಗಿದೆ, ಏರಿಸುವ ಬದಿಯದು ಕಪ್ಪಾಗಿದೆ ಅಥವಾ ಹಸಿರು ಕಿಲುಬು ಹಿಡಿದಿದೆ, ಅಷ್ಟೆ.

ಹಿಂಬದಿಯ ಗಾಜಾದರೆ ಅದರ ಸ್ವಂತ ಸ್ವಿಚ್ಚಿನಿಂದಲೂ ಚಾಲಕನ ಬಾಗಿಲಿನ ಮಾಸ್ಟರ್ ಸ್ವಿಚ್ಚಿನಿಂದಲೂ ಒತ್ತಿ ನೋಡಿ. ಮಾಸ್ಟರಿನಿಂದ ಓಡಿ ಸ್ವಂತದ್ದರಿಂದ ಓಡದಿದ್ದರೆ ಸಾಮಾನ್ಯವಾಗಿ ದೋಷ ಹಿಂದಿನ ಸ್ವಿಚ್ಚಿನಲ್ಲಿ. ಎರಡೂ ಹಿಂಬಾಗಿಲುಗಳ ಸ್ವಿಚ್ಚು ಒಂದೇ ಬಗೆಯದಾಗಿದ್ದರೆ ಎಡದ್ದನ್ನು ಬಲಕ್ಕೆ ಹಾಕಿ. ದೋಷವೂ ಜೊತೆಗೇ ಬಾಗಿಲು ಬದಲಿಸಿದರೆ ಅಪರಾಧಿ ಸಿಕ್ಕಿದ ಹಾಗೆ.

ಎರಡು ಕಡೆಯಿಂದಲೂ ಓಡದಿದ್ದರೆ ಮಾಸ್ಟರ್ ಸ್ವಿಚ್ಚನ್ನು ಬಿಟ್ಟುಬಿಡಬೇಡಿ. ಅನೇಕ ಹಳೆಯ ಕಾರುಗಳಲ್ಲಿ ಹಿಂದಿನ ಮೋಟಾರಿಗೆ ಬೇಕಾದ ಅರ್ತ್ (ಬ್ಯಾಟರಿಯ ಮೈನಸ್ಸಿನ ಜೋಡಣೆ) ಮಾಸ್ಟರ್ ಸ್ವಿಚ್ಚಿನ ಮೂಲಕವೇ ಬರುತ್ತದೆ. ಯಾರೂ ಮುಟ್ಟದೆ ಇರುವಾಗ ಮೋಟಾರಿನ ಎರಡೂ ವಯರ್‌ಗಳು ಅಲ್ಲಿ ಅರ್ತಿಗೆ ಸೇರಿರುತ್ತವೆ. ಒತ್ತಿದಾಗ ಒಂದಕ್ಕೆ 12 ವೋಲ್ಟ್ ಬರುತ್ತದೆ, ಇನ್ನೊಂದು ಅರ್ತಿನಲ್ಲೇ ಉಳಿಯುತ್ತದೆ. ಆ ಅರ್ತಿನ ತಾಮ್ರ ಸುಟ್ಟಿದ್ದರೆ ಹಿಂದಿನ ಬಾಗಿಲಿನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ. ಚಾಲಕನ ಗಾಜನ್ನು ಅರ್ಧ ಇಳಿಸಿಕೊಂಡು ಮಳೆಯಲ್ಲಿ ಓಡಿಸುವವರ ಕಾರಿನಲ್ಲಿ ನೀರು ನೇರವಾಗಿ ಬೀಳುವುದು ಈ ಸ್ವಿಚ್ಚಿನ ಮೇಲೆ. ಅಡಿಕೆ ತೋಟಕ್ಕೆ ಮದ್ದು ಬಿಡುವ ದಿನ ಮೈಲುತುತ್ತಿನ ಕೈಯಲ್ಲೇ ಗುಂಡಿ ಒತ್ತುವ ಅಭ್ಯಾಸ ನನ್ನದೂ ಆಗಿತ್ತು. ಅದರ ಫಲವನ್ನು ಬಿಚ್ಚಿದ ಮೇಲೆ ಕಣ್ಣಾರೆ ಕಂಡೆ.

ಸ್ವಿಚ್ಚನ್ನು ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಿಪ್ಪತ್ತು ಸಲ ಒತ್ತಿದರೆ ಹಲವು ಸ್ವಿಚ್ಚುಗಳು ಮತ್ತೆ ಜೀವ ಪಡೆಯುತ್ತವೆ. ಒಳಗಿನ ತಾಮ್ರವನ್ನು ಉಜ್ಜಲೇಬೇಕಾದರೆ ಬಹಳ ನಯವಾದ ಮರಳು ಕಾಗದ ಸಾಕು. ತೆರೆಯುವಾಗ ಸಣ್ಣ ಸ್ಪ್ರಿಂಗುಗಳೂ ಗುಂಡುಗಳೂ ಹಾರುತ್ತವೆ, ಕೆಳಗೆ ಬಿಳಿ ಪಂಚೆ ಹಾಸಿಕೊಳ್ಳಿ. ಪ್ಲಾಸ್ಟಿಕ್ ಕರಗಿದ ಗುರುತಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದೇ ಬೇಕು.

ಬಾಗಿಲು ತೆರೆದಾಗ ಓಡುತ್ತದೆ, ಮುಚ್ಚಿದಾಗ ಇಲ್ಲ

ನನ್ನ ಕಾರಿಗೆ ಆದದ್ದು ಇದು. ಬಾಗಿಲಿಗೂ ಬಾಡಿಗೂ ನಡುವೆ ಮಡಿಕೆಗಳಿರುವ ರಬ್ಬರ್ ಕೊಳವೆ ಇದೆ. ಬಾಗಿಲಿನ ಎಲ್ಲ ವಯರ್‌ಗಳೂ ಅದರೊಳಗೆ. ದಿನಕ್ಕೆ ಹತ್ತು ಸಲ ಬಾಗಿಲು ತೆರೆದರೂ ವರ್ಷಕ್ಕೆ ಮೂರೂವರೆ ಸಾವಿರ ಸಲ ಅವು ಬಾಗುತ್ತವೆ. ಇಪ್ಪತ್ತು ವರ್ಷದ ಕಾರಿನಲ್ಲಿ ಲೆಕ್ಕ ಹಾಕಿಕೊಳ್ಳಿ. ಎಲ್ಲಕ್ಕಿಂತ ಹೆಚ್ಚು ತೆರೆಯುವುದು ಚಾಲಕನ ಬಾಗಿಲು, ಮೊದಲು ಮುರಿಯುವುದೂ ಅದರ ವಯರೇ.

ಒಬ್ಬರು ಸ್ವಿಚ್ಚು ಒತ್ತಿ ಹಿಡಿಯಲಿ, ಇನ್ನೊಬ್ಬರು ಬಾಗಿಲನ್ನು ಮೆಲ್ಲಗೆ ಆಡಿಸಲಿ, ಕೊಳವೆಯನ್ನು ಹಿಸುಕಲಿ. ಗಾಜು ಜಿಗಿದು ಜಿಗಿದು ಓಡಿದರೆ ಸ್ಥಳ ಸಿಕ್ಕಿತು. ಅದೇ ಬಾಗಿಲಿನ ಸ್ಪೀಕರ್ ಅಥವಾ ಸೆಂಟ್ರಲ್ ಲಾಕ್ ಕೂಡ ಆಗೊಮ್ಮೆ ಈಗೊಮ್ಮೆ ಕೈಕೊಡುತ್ತಿದ್ದರೆ ಅನುಮಾನವೇ ಬೇಡ.

ಇಲ್ಲಿ ಮಲ್ಟಿಮೀಟರ್ ಮೋಸ ಮಾಡುತ್ತದೆ. ಹತ್ತಾರು ಎಳೆಗಳಲ್ಲಿ ಎರಡೇ ಎರಡು ಉಳಿದಿದ್ದರೂ ಮೀಟರ್ 12 ವೋಲ್ಟ್ ಇದೆ ಎನ್ನುತ್ತದೆ, ಮೋಟಾರನ್ನು ತಿರುಗಿಸುವ ಶಕ್ತಿ ಮಾತ್ರ ಆ ಎರಡು ಎಳೆಗಳಿಗಿಲ್ಲ. ಮೋಟಾರಿನ ಕಪ್ಲರಿನಲ್ಲಿ (ವಯರ್‌ಗಳನ್ನು ಮೋಟಾರಿಗೆ ಸೇರಿಸುವ ಪ್ಲಗ್), ಸ್ವಿಚ್ಚು ಒತ್ತಿ ಹಿಡಿದಿರುವಾಗಲೇ ಅಳೆಯಿರಿ. ಬ್ಯಾಟರಿಗಿಂತ ಒಂದು ವೋಲ್ಟಿನಷ್ಟು ಕಡಿಮೆ ಇದ್ದರೆ ಚಿಂತೆಯಿಲ್ಲ. 9 ಅಥವಾ 8ಕ್ಕೆ ಕುಸಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಮೀಟರ್ ಇಲ್ಲದವರಿಗೆ ಹೆಡ್‌ಲೈಟಿನ ಹಳೆಯ ಬಲ್ಬಿಗೆ ಎರಡು ವಯರ್ ಸಿಕ್ಕಿಸಿದ ಟೆಸ್ಟ್ ಲ್ಯಾಂಪ್ ಸಾಕು. ಪೂರ್ತಿ ಉರಿದರೆ ಸರಿ, ಮಿಣುಕಿದರೆ ತಪ್ಪು.

ದುರಸ್ತಿ ಎಂದರೆ ತುದಿಗಳನ್ನು ಹೊಸೆದು ಟೇಪು ಸುತ್ತುವುದಲ್ಲ. ಮಡಿಯುವ ಜಾಗದಲ್ಲಿ ಗಂಟು ಹಾಕಿದರೆ ಮುಂದಿನ ಮಳೆಗಾಲಕ್ಕೆ ಅಲ್ಲೇ ಮುರಿಯುತ್ತದೆ. ಕೊಳವೆಯ ಎರಡೂ ಬದಿಗೆ ದಾಟುವಷ್ಟು ಉದ್ದದ, ಅಷ್ಟೇ ದಪ್ಪದ, ಬಹು ಎಳೆಗಳ ಮೆತ್ತಗಿನ ಹೊಸ ವಯರ್ ತುಂಡು ತೆಗೆದುಕೊಳ್ಳಿ. ಎರಡೂ ಬೆಸುಗೆಗಳು ಬಾಗದ ಭಾಗದಲ್ಲಿ ಬರುವಂತೆ ಸೋಲ್ಡರ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ಹಳದಿ ಕವಚದ ವಯರ್ ಕಂಡರೆ ಅದನ್ನು ಮುಟ್ಟಬೇಡಿ, ಅದು ಏರ್‌ಬ್ಯಾಗಿನದು.

ತೆವಳುತ್ತಾ ಏರುತ್ತದೆ, ಮಧ್ಯಾಹ್ನ ನಿಲ್ಲುತ್ತದೆ

ಇಳಿಯುವಾಗ ಗಾಜಿನ ಭಾರ ಸಹಾಯಕ್ಕಿದೆ, ಏರುವಾಗ ಇಲ್ಲ. ಹಾಗಾಗಿ ದಾರಿ ಬಿಗಿಯಾದರೆ ಮೊದಲು ನಿಧಾನವಾಗುವುದು ಏರುವಿಕೆ. ಎರಡೂ ಬದಿಯ ರಬ್ಬರ್ ಬೀಡಿಂಗಿನೊಳಗೆ ಬೆರಳಿಟ್ಟು ನೋಡಿ, ಉಗುರಿಗೆ ಕೆಂಪು ಮಣ್ಣು ಬರುತ್ತದೆ. ಗಾಜನ್ನು ಇಳಿಸಿ, ಚಪ್ಪಟೆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಎರಡೂ ಬದಿಯನ್ನು ಬಟ್ಟೆ ಕೆಂಪಾಗದವರೆಗೆ ಒರೆಸಿ, ಒಣಗಲು ಬಿಡಿ, ಆಮೇಲೆ ಸಿಲಿಕೋನ್ ಸ್ಪ್ರೇ ಹಾಕಿ. ಗಾಜು ಏರಿಳಿಯುವ ವೇಗ ಅಲ್ಲೇ ಬದಲಾಗುವುದನ್ನು ನೋಡಬಹುದು.

ತೆಂಗಿನೆಣ್ಣೆ ಬೇಡ. ನಮ್ಮಲ್ಲಿ ಬಾಗಿಲ ಚಿಲಕದಿಂದ ಹಿಡಿದು ತಲೆಯವರೆಗೆ ಎಲ್ಲಕ್ಕೂ ಅದೇ ಮದ್ದು ಎಂಬುದು ನನಗೂ ಗೊತ್ತು, ಆದರೆ ಇಲ್ಲಿ ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ಗ್ರೀಸ್, ಎಂಜಿನ್ ಆಯಿಲ್ ರಬ್ಬರನ್ನೇ ಉಬ್ಬಿಸುತ್ತವೆ.

ನಾಲ್ಕೈದು ಸಲ ಏರಿಳಿಸಿದ ಮೇಲೆ ಗಾಜು ಪೂರ್ತಿ ನಿಂತು, ಕಾಲು ಗಂಟೆ ಬಿಟ್ಟು ತಾನಾಗಿ ಸರಿಯಾದರೆ ಗಾಬರಿ ಬೇಡ. ಬಿಸಿಯಾದ ಮೋಟಾರನ್ನು ಉಳಿಸಲು ಒಳಗಿರುವ ರಕ್ಷಣೆ ವಿದ್ಯುತ್ತನ್ನು ತಡೆದಿದೆ. ಅದು ರೋಗವಲ್ಲ, ಬಿಗಿಯಾದ ದಾರಿಯ ಸೂಚನೆ. ಮತ್ತೆ ಮತ್ತೆ ಒತ್ತಿದರೆ ಮಾತ್ರ ಒಳ್ಳೆಯ ಮೋಟಾರೂ ನಿಜವಾಗಿ ಸುಡುತ್ತದೆ.

ಮೋಟಾರ್ ತಿರುಗುವ ಸದ್ದಿದೆ, ಗಾಜು ಓರೆಯಾಗಿದೆ ಅಥವಾ ಒಳಗೆ ಬಿದ್ದಿದೆ

ಈಗ ಸ್ವಿಚ್ಚಿನಿಂದ ಕೈ ತೆಗೆಯಿರಿ. ಸದ್ದಿನ ಬಗೆ ಕೇಳಿದರೆ ಸಾಕು. ಕರಕರ ಎಂದರೆ ಕೇಬಲಿನ ಎಳೆಗಳು ಬಿಚ್ಚಿಕೊಂಡು ರಾಟೆಗೆ ಸುತ್ತುತ್ತಿವೆ. ಟಕಟಕ ಎಂದು ಒಂದೇ ತಾಳದಲ್ಲಿ ಬಂದರೆ ಗೇರಿನ ಹಲ್ಲು ಹೋಗಿದೆ. ಯಾವ ತಡೆಯೂ ಇಲ್ಲದೆ ಝರ್ ಎಂದರೆ ಕೇಬಲ್ ಪೂರ್ತಿ ತುಂಡಾಗಿದೆ ಅಥವಾ ಗಾಜನ್ನು ಹಿಡಿದಿರುವ ಪ್ಲಾಸ್ಟಿಕ್ ಹಿಡಿ ಮುರಿದಿದೆ. ಇಲ್ಲಿ ಹೊರಗಿನಿಂದ ಮಾಡುವುದೇನೂ ಉಳಿದಿಲ್ಲ, ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮೈಯ ಹಲಗೆ, ಬಿಚ್ಚಬೇಕು.

ಮುರಿದ ಹಿಡಿಯನ್ನು ಅಂಟು ಹಾಕಿ ಕೂರಿಸಿದವರಿದ್ದಾರೆ, ನಾನೂ ಒಮ್ಮೆ ಮಾಡಿದ್ದೇನೆ. ಒಂದು ತಿಂಗಳು ನಿಂತಿತು. ಕೇಬಲ್ ಕಟ್ಟುವ ಕೆಲಸವಂತೂ ಮನೆಯಲ್ಲಿ ಬೇಡ, ಇಡೀ ಮೆಷಿನ್ನನ್ನೇ ಬದಲಿಸುವುದು ಲೇಸು. ಕೊಳ್ಳುವಾಗ ಎಡವೋ ಬಲವೋ, ಮುಂದೋ ಹಿಂದೋ, ಕಪ್ಲರಿನಲ್ಲಿ ಎಷ್ಟು ಪಿನ್ನು ಎಂಬುದನ್ನು ಹಳೆಯದರ ಜೊತೆಗೆ ಹಿಡಿದು ನೋಡಿ. ಗುಜರಿಯಿಂದ ತರುವುದಾದರೆ ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ಎರಡೂ ದಿಕ್ಕಿಗೆ ತಿರುಗಿಸಿ ತೆಗೆದುಕೊಳ್ಳಿ.

ಪ್ಯಾಡ್ ಬಿಚ್ಚುವಾಗ

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಸ್ಟೀರಿಯೋಗೆ ಕೋಡ್ ಇರುವ ಕಾರಾದರೆ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಾಗಿಲಿನಲ್ಲೋ ಸೀಟಿನ ಬದಿಯಲ್ಲೋ ಏರ್‌ಬ್ಯಾಗ್ ಇದ್ದರೆ ಈ ಕೆಲಸವನ್ನು ತಿಳಿದವರಿಗೆ ಬಿಡಿ. ಕೈಗವಸು ಬೇಕೇ ಬೇಕು: ಬಾಗಿಲಿನ ಒಳಗಿನ ತಗಡಿನ ಅಂಚು ಬ್ಲೇಡಿನಷ್ಟು ಹರಿತ.

ಗಾಜು ಮೇಲಿದ್ದರೆ ಅಗಲದ ಟೇಪಿನಿಂದ ಚೌಕಟ್ಟಿಗೆ ಎರಡು ಕಡೆ ಬಿಗಿಯಾಗಿ ಅಂಟಿಸಿ. ಮೆಷಿನ್ನಿನ ಬೋಲ್ಟ್ ಸಡಿಲವಾದ ಕ್ಷಣ ಗಾಜು ಕತ್ತಿಯಂತೆ ಇಳಿಯುತ್ತದೆ. ಕತ್ತರಿ ತೋಳಿನ ಮೆಷಿನ್ನಿನಲ್ಲಿ ಸುರುಳಿ ಸ್ಪ್ರಿಂಗ್ ಇದ್ದರೆ, ತೋಳನ್ನು ಕ್ಲ್ಯಾಂಪಿನಿಂದ ಬಂಧಿಸದೆ ಮೋಟಾರ್ ಬಿಚ್ಚಬೇಡಿ. ಆ ಸ್ಪ್ರಿಂಗಿನ ಹೊಡೆತಕ್ಕೆ ಬೆರಳು ಮುರಿಯುತ್ತದೆ. ವಿದ್ಯುತ್ ಕೊಟ್ಟು ಪರೀಕ್ಷಿಸುವಾಗ ಯಾರ ಕೈಯೂ ಬಾಗಿಲೊಳಗೆ ಇರಕೂಡದು. ಮಕ್ಕಳು ಕಾರಿನ ಹತ್ತಿರವೂ ಬೇಡ.

ಪ್ಯಾಡಿನ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ, ಅಂಟಿನ ಸಮೇತ ಮೆಲ್ಲಗೆ ಬಿಡಿಸಿ. ನೀರು ಬಾಗಿಲಿನಿಂದ ಒಳಗಿನ ಕಾರ್ಪೆಟ್ಟಿಗೆ ಬಾರದಂತೆ ತಡೆಯುವುದು ಅದೊಂದೇ. ಹಳೆಯ ಕಾರಿನ ಕ್ಲಿಪ್ಪುಗಳು ಬಿಸ್ಕತ್ತಿನಂತೆ ಒಡೆಯುತ್ತವೆ, ಹತ್ತನ್ನು ಮೊದಲೇ ತಂದಿಟ್ಟುಕೊಳ್ಳಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ.

ಈಗ ಮೋಟಾರನ್ನು ವಿಚಾರಿಸಿ

ಕಪ್ಲರ್ ಕಳಚಿ. ಫ್ಯೂಸ್ ಇರುವ ಎರಡು ವಯರ್‌ಗಳ ಮೂಲಕ ಬ್ಯಾಟರಿಯಿಂದ ನೇರವಾಗಿ ಮೋಟಾರಿನ ಪಿನ್ನುಗಳಿಗೆ ಒಂದು ಕ್ಷಣ ಕೊಡಿ, ಆಮೇಲೆ ಅದಲುಬದಲು ಮಾಡಿ ಕೊಡಿ. ಎರಡೂ ದಿಕ್ಕಿಗೆ ಗಾಜು ಓಡಿದರೆ ಮೋಟಾರನ್ನು ಖುಲಾಸೆ ಮಾಡಿ, ಸ್ವಿಚ್ಚಿಗೂ ವಯರಿಗೂ ಹಿಂದಿರುಗಿ. ಏನೂ ಆಗದಿದ್ದರೆ ಮೋಟಾರಿನ ಮೈಗೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಎರಡು ಸಲ ತಟ್ಟಿ ಮತ್ತೆ ಕೊಡಿ. ಆಗ ತಿರುಗಿದರೆ ಕಾರ್ಬನ್ ಸವೆದಿದೆ. ತಟ್ಟಿದರೂ ಮೌನವೆಂದರೆ, ಸರಿ, ಈಗ ‘ಪೋಂಡು’ ಎನ್ನಬಹುದು.

ಮಳೆಯ ನಡುವೆ, ತಲಪಾಡಿ ಟೋಲಿನ ಮುಂದೆ

ಕೈಪಿಡಿ ಓದುವ ಹೊತ್ತಲ್ಲ ಅದು. ಬಾಗಿಲು ತೆರೆದು, ಸ್ವಿಚ್ಚನ್ನು ಏರಿಸುವ ಕಡೆ ಒತ್ತಿ ಹಿಡಿದೇ ಬಾಗಿಲನ್ನು ಒಮ್ಮೆ ಜೋರಾಗಿ ಮುಚ್ಚಿ. ಸವೆದ ಕಾರ್ಬನ್ ಆ ಪೆಟ್ಟಿಗೆ ಒಮ್ಮೊಮ್ಮೆ ಎಚ್ಚರಗೊಳ್ಳುತ್ತದೆ. ಆಗದಿದ್ದರೆ ಜೊತೆಗಿರುವವರು ಗಾಜಿನ ಎರಡೂ ಮುಖಕ್ಕೆ ಅಂಗೈ ಒತ್ತಿ ಮೇಲಕ್ಕೆ ನೂಕಲಿ, ನೀವು ಸ್ವಿಚ್ಚು ಒತ್ತಿ. ಅಂಚನ್ನು ಹಿಡಿದು ಎಳೆಯಬೇಡಿ, ಚೌಕಟ್ಟಿಗೆ ಬೆರಳು ಸಿಲುಕುತ್ತದೆ. ಏರಿದ ಗಾಜನ್ನು ಮತ್ತೆ ಪರೀಕ್ಷಿಸುವ ಚಪಲ ಬೇಡ. ಮನೆ ತಲುಪುವವರೆಗೆ ಆ ಸ್ವಿಚ್ಚು ಇಲ್ಲವೆಂದೇ ತಿಳಿಯಿರಿ.

ಪ್ಯಾಡ್ ಮುಚ್ಚುವ ಮುನ್ನ

ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳಿವೆ. ಬಾಗಿಲು ಆಡಿಸಿದಾಗ ಒಳಗೆ ಕುಳುಕುಳು ಸದ್ದು ಬಂದರೆ ಅವು ಕಟ್ಟಿವೆ. ಹಿಡಿಸೂಡಿಯ ಒಂದು ಕಡ್ಡಿಯಿಂದ ಬಿಡಿಸಿ, ಒಂದು ಚೆಂಬು ನೀರು ಸುರಿದು ಕೆಳಗೆ ಹರಿಯುವುದನ್ನು ನೋಡಿ. ಈ ಕೆಲಸವನ್ನು ಮಳೆಗಾಲಕ್ಕೆ ಮುನ್ನ, ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ವರ್ಷಕ್ಕೊಮ್ಮೆ ಮಾಡಿದರೆ ಮೇಲಿನ ಅರ್ಧ ಪುಟಗಳು ನಿಮಗೆ ಬೇಕಾಗುವುದಿಲ್ಲ. ಒಂದೇ ಒತ್ತಿಗೆ ತಾನಾಗಿ ಏರುವ ಗಾಜಿದ್ದರೆ, ಬ್ಯಾಟರಿ ಜೋಡಿಸಿದ ಮೇಲೆ ಕೆಲವು ಕಾರುಗಳಲ್ಲಿ ಅದಕ್ಕೆ ಗಾಜು ನಿಲ್ಲಬೇಕಾದ ತುದಿಗಳನ್ನು ಮತ್ತೆ ಕಲಿಸಬೇಕಾಗುತ್ತದೆ, ವಿಧಾನ ಕಾರಿನ ಪುಸ್ತಕದಲ್ಲಿರುತ್ತದೆ.

ಗಾಜನ್ನು ಐದಾರು ಸಲ ಪೂರ್ತಿ ಏರಿಳಿಸಿ, ಮೇಲಿನ ಅಂಚು ರಬ್ಬರಿಗೆ ಸಮವಾಗಿ ಕೂರುತ್ತದೆಯೇ ನೋಡಿ, ಆಮೇಲೆ ಹಾಳೆ, ಆಮೇಲೆ ಪ್ಯಾಡ್. ಎಲ್ಲ ಮುಗಿದ ಮೇಲೆ ಒಂದು ಸ್ಕ್ರೂ ಕೈಯಲ್ಲಿ ಉಳಿದಿದ್ದರೆ, ಅದು ಒಳಗಿನ ಹಿಡಿಕೆಯ ಹಿಂದಿನದು.